ಮನೆಯಿಲ್ಲದವರ ಬಗ್ಗೆ ಸಭೆ ನಡೆಸುವಾಗ ನಾನು ಕೇಳುವ ಎರಡು ಪ್ರಶ್ನೆ

ಬೀದಿಯಲ್ಲಿ ಮಲಗುವವರಿಗೆ ನೆಲೆ ಹುಡುಕಿಕೊಡುವುದು ನನ್ನ ಕೆಲಸ. ಎಲ್ಲಾದರೂ ಹೊಸ ಆಶ್ರಯ ಕೇಂದ್ರದ ಮಾತು ಬಂದರೆ, ಅಕ್ಕಪಕ್ಕದವರನ್ನು ಕೂರಿಸಿ ಸಭೆ ನಡೆಸುವುದೂ ನನ್ನ ಪಾಲಿಗೇ ಬರುತ್ತದೆ. ಸ್ವಲ್ಪ ಹೊತ್ತಿಗೆಲ್ಲ ಎರಡು ಗುಂಪಾಗುತ್ತದೆ. ‘ಕುಡಿತ, ಸೋಮಾರಿತನ, ಇನ್ನೇನು?’ ಅನ್ನುತ್ತಾರೆ ಕೆಲವರು. ‘ಬಾಡಿಗೆ ಈ ಪಾಟಿ ಏರಿದರೆ ಬಡವರು ಎಲ್ಲಿಗೆ ಹೋಗಬೇಕು?’ ಅನ್ನುತ್ತಾರೆ ಉಳಿದವರು. ಎಲ್ಲರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿರುತ್ತಾರೆ. ಆದರೆ ಒಬ್ಬೊಬ್ಬರು ಒಂದೊಂದು ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತಾರೆ.

ಹಾಗಾಗಿ ನಾನು ಬೋರ್ಡಿನ ಮೇಲೆ ಎರಡು ಪ್ರಶ್ನೆ ಬರೆದುಬಿಡುತ್ತೇನೆ. ಈ ಮನುಷ್ಯ ಮನೆ ಕಳೆದುಕೊಂಡದ್ದು ಯಾಕೆ? ಈ ಊರಲ್ಲಿ ಇಷ್ಟೊಂದು ಜನಕ್ಕೆ ಮನೆ ಇಲ್ಲದಿರುವುದು ಯಾಕೆ? ಯಾವುದಕ್ಕೆ ಉತ್ತರ ಹೇಳುತ್ತಿದ್ದೀರಿ ಅಂತ ಮೊದಲು ತಿಳಿಸಿ, ಆಮೇಲೆ ಮಾತಾಡಿ ಅನ್ನುತ್ತೇನೆ.

ಮೊದಲನೆಯದಕ್ಕೆ ನೂರು ಉತ್ತರ ಇರುತ್ತವೆ. ಕೆಲಸ ಹೋಯಿತು, ಗಂಡ ಹೊಡೆದ, ಕಾಯಿಲೆ ಬಂತು, ಜೈಲಿಂದ ಹೊರಬಂದಾಗ ಯಾರೂ ಸೇರಿಸಲಿಲ್ಲ. ಕುಡಿತವೂ ಹೌದು. ಆದರೆ ಇವೆಲ್ಲ ಎಲ್ಲಾ ಊರಲ್ಲೂ ಇವೆ, ಅಲ್ವಾ? ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಡ್ರಗ್ಸ್‌ನಿಂದ ಸಾಯುವವರ ಪ್ರಮಾಣ ತುಂಬಾ ಜಾಸ್ತಿ. ಆದರೂ ಮನೆಯಿಲ್ಲದವರ ಪ್ರಮಾಣ ಕ್ಯಾಲಿಫೋರ್ನಿಯಾದಲ್ಲೇ ಬಹಳ ಹೆಚ್ಚು. ಬಾಡಿಗೆ ಕಡಿಮೆ ಇರುವ ಕಡೆ ಚಟ ಇರುವವನಿಗೂ ಒಂದು ಕೋಣೆ ಸಿಗುತ್ತದೆ. ಕೋಣೆಗಳೇ ಕಮ್ಮಿ ಇರುವ ಊರಲ್ಲಿ ಕಷ್ಟದಲ್ಲಿರುವವನೇ ಮೊದಲು ಹೊರಗೆ ಬೀಳುತ್ತಾನೆ.

ಇಷ್ಟು ಹೇಳಿದರೂ ಸಭೆ ಒಪ್ಪಿಬಿಡುವುದಿಲ್ಲ. ಅದಕ್ಕೆ, ಬೀದಿಯಲ್ಲಿ ಇದ್ದು ಬಂದ ಒಬ್ಬರನ್ನು, ಅವರಿಗೆ ಮನಸ್ಸಿದ್ದರೆ ಮಾತ್ರ, ಮಾತಾಡಲು ಕರೆಯುತ್ತೇನೆ. ಜೀವನಕಥೆ ಬೇಡ, ಒಂದು ದಿನ ಹೇಗೆ ಕಳೆಯುತ್ತಿತ್ತು ಅಂತ ಹೇಳಿ ಅನ್ನುತ್ತೇನೆ. ಕಣ್ಣೀರು ಹಾಕಿಸಿ ಯಾರ ಮನಸ್ಸನ್ನೂ ಬದಲಾಯಿಸುವುದು ನನಗೆ ಇಷ್ಟವಿಲ್ಲ.

ಒಮ್ಮೆ ಲೋಡಿಂಗ್ ಕೆಲಸ ಮಾಡುವವರೊಬ್ಬರು ಬಂದಿದ್ದರು. ಬೆಳಿಗ್ಗೆ ಶೌಚಾಲಯಕ್ಕೆ ಹೋಗಿ ಬರುವಷ್ಟರಲ್ಲಿ ಅವರ ಬ್ಯಾಗು ಕಸದ ಲಾರಿಗೆ ಹೋಗಿತ್ತು. ಗುರುತಿನ ಚೀಟಿ, ಬಿಪಿ ಮಾತ್ರೆ, ಮಗಳ ಫೋಟೋ ಎಲ್ಲ ಅದರಲ್ಲೇ. ಗುರುತಿನ ಚೀಟಿ ಇಲ್ಲದೆ ಯಾರೂ ಕೋಣೆ ಕೊಡಲಿಲ್ಲ. ವಿಳಾಸ ಇಲ್ಲದೆ ಹೊಸ ಚೀಟಿ ಸಿಗಲಿಲ್ಲ. ಅಷ್ಟು ದಿನವೂ ಅವರು ದುಡಿಯುತ್ತಲೇ ಇದ್ದರು. ‘ಸೋಮಾರಿಗಳು’ ಅಂದಿದ್ದ ಹಿರಿಯರೊಬ್ಬರು ಕೇಳಿದರು: ‘ಹಾಗಾದ್ರೆ ಕೆಲಸಕ್ಕೆ ಹೋಗುವಾಗ ಬ್ಯಾಗು ಎಲ್ಲಿಡ್ತಿದ್ರಿ?’ ಅಲ್ಲಿಂದ ಸಭೆಯ ದಾರಿಯೇ ಬದಲಾಯಿತು.

ಪರಿಹಾರದ ಮಾತು ಬಂದಾಗ ನಾನು ಮೊದಲೇ ಮನೆ ಕೊಡಿ ಅನ್ನುವ ಪಕ್ಷದವ. ಕುಡಿತ ಬಿಟ್ಟು ಬಾ, ಆಮೇಲೆ ಕೀಲಿ ಕೊಡುತ್ತೇವೆ ಅನ್ನುವ ಷರತ್ತನ್ನು ತಲೆಕೆಳಗು ಮಾಡಿ, 1992ರಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಮ್ ಸೆಂಬೆರಿಸ್ ಅನ್ನುವವರು ಈ ದಾರಿ ಶುರು ಮಾಡಿದರು. ಫಿನ್ಲೆಂಡ್ 2008ರಿಂದ ಇದನ್ನು ಇಡೀ ದೇಶದ ಯೋಜನೆ ಮಾಡಿಕೊಂಡಿತು. ಆಶ್ರಯ ಕೇಂದ್ರಗಳನ್ನೇ ಒಡೆದು ಸಣ್ಣ ಮನೆಗಳಾಗಿ ಮಾಡಿದರು. ಇರುವವರಿಗೆ ಬಾಡಿಗೆ ಕರಾರು ಇರುತ್ತದೆ, ಬಾಡಿಗೆಯನ್ನೂ ಕಟ್ಟಬೇಕು. ಆಗ 8,000ಕ್ಕೂ ಹೆಚ್ಚಿದ್ದ ಮನೆಯಿಲ್ಲದವರ ಸಂಖ್ಯೆ 2023ಕ್ಕೆ 3,500ಕ್ಕಿಂತ ಕೆಳಗೆ ಬಂತು.

ಇದರ ಇನ್ನೊಂದು ಮುಖವನ್ನೂ ನಾನು ಮುಚ್ಚಿಡುವುದಿಲ್ಲ. ಕೆನಡಾದ 5 ನಗರಗಳಲ್ಲಿ 2,000ಕ್ಕೂ ಹೆಚ್ಚು ಜನರ ಮೇಲೆ ಇದನ್ನು ಪರೀಕ್ಷಿಸಿದರು. ಮೊದಲು ಮನೆ ಸಿಕ್ಕವರು ಮನೆಯಲ್ಲೇ ಉಳಿದದ್ದು ಜಾಸ್ತಿ. ಚಟ ಮಾತ್ರ ಬೇರೆಯವರಿಗಿಂತ ಅಷ್ಟೇನೂ ಕಡಿಮೆಯಾಗಲಿಲ್ಲ. ಮನೆ ಕೊಟ್ಟ ತಕ್ಷಣ ಕುಡಿತ ನಿಲ್ಲುತ್ತದೆ ಅಂತ ಸುಮ್ನೆ ಮಾತು ಕೊಟ್ಟರೆ ಆರು ತಿಂಗಳಲ್ಲಿ ನೆರೆಯವರ ನಂಬಿಕೆ ಹೋಗುತ್ತದೆ.

ನೆರೆಯವರ ಭಯವನ್ನೂ ನಾನು ತಳ್ಳಿಹಾಕುವುದಿಲ್ಲ. ರಾತ್ರಿ ಗಲಾಟೆಯಾದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದು ನ್ಯಾಯವಾದ ಪ್ರಶ್ನೆ. ಫೋನ್ ಎತ್ತುವ ಸಿಬ್ಬಂದಿ ಗೊತ್ತಾಗುವವರೆಗೆ ನಾನು ಯಾರ ಒಪ್ಪಿಗೆಯನ್ನೂ ಕೇಳುವುದಿಲ್ಲ.

ಆ ಸಭೆಯಲ್ಲಿ ಮನೆಗಳಿಗೆ ಒಪ್ಪಿಗೆ ಸಿಗಲಿಲ್ಲ. ಬ್ಯಾಗು ಇಡಲು ಲಾಕರ್, ಕಾಗದಪತ್ರಕ್ಕೆ ನಮ್ಮ ಕಚೇರಿಯ ವಿಳಾಸ, ಇವೆರಡಕ್ಕೆ ಎಲ್ಲರೂ ಕೈ ಎತ್ತಿದರು. ಆ ಹಿರಿಯರೂ ಎತ್ತಿದರು. ಮನೆಗಳ ವಿಷಯ ಮುಂದಿನ ಸಭೆಯಲ್ಲಿ ಮತ್ತೆ ಎತ್ತುತ್ತೇನೆ.