ಡೌನ್‌ಲೋಡ್ ಲೆಕ್ಕವನ್ನು ಓದುವುದು ಹೇಗೆ?

ನೀವು ಬರೆದ ಪೈಥಾನ್ ಪ್ಯಾಕೇಜ್ (ಬೇರೆಯವರೂ ಇಳಿಸಿಕೊಂಡು ಬಳಸಬಹುದಾದ ಕೋಡಿನ ಕಟ್ಟು) ಕಳೆದ ತಿಂಗಳು 40,000 ಸಲ ಡೌನ್‌ಲೋಡ್ ಆಗಿದೆ ಎಂದುಕೊಳ್ಳಿ. ಅಷ್ಟು ಜನ ಬಳಸುತ್ತಿದ್ದಾರೆಂದು ಹಿಗ್ಗಬೇಡಿ. ಯಾವುದೋ ಕಂಪನಿಯ ಪರೀಕ್ಷಾ ಸರ್ವರ್, ಕೋಡ್ ಬದಲಾದಾಗಲೆಲ್ಲ ನಿಮ್ಮ ಪ್ಯಾಕೇಜನ್ನು ಹೊಸದಾಗಿ ಇಳಿಸಿಕೊಂಡು, ಕೆಲಸ ಮುಗಿದೊಡನೆ ಎಲ್ಲವನ್ನೂ ಅಳಿಸಿಹಾಕುತ್ತದೆ. ದಿನಕ್ಕೆ ನೂರು ಸಲ ಹೀಗಾದರೆ ಲೆಕ್ಕ ನೂರು, ಅದರ ಹಿಂದಿರುವವರು ಒಬ್ಬರೋ ಇಬ್ಬರೋ. ಇದಕ್ಕೆ ತದ್ವಿರುದ್ಧವೂ ಉಂಟು. ಕಚೇರಿಯ ಒಳಜಾಲದ ಸರ್ವರ್ ಒಮ್ಮೆ ತಂದಿಟ್ಟು ನೂರಾರು ಮಂದಿಗೆ ಹಂಚಿದರೆ, ಆ ನೂರಾರು ಮಂದಿ ಲೆಕ್ಕಕ್ಕೇ ಸಿಗುವುದಿಲ್ಲ.

ಹಾಗಾಗಿ ಮೊತ್ತವನ್ನು ಬದಿಗಿಟ್ಟು ಪಾಲುಗಳನ್ನು ನೋಡಿ. (ಪೈಥಾನ್ ಪ್ಯಾಕೇಜುಗಳ ಅಧಿಕೃತ ಭಂಡಾರವಾದ ಪೈಪಿಐ ಕೂಡ ಮೊತ್ತವನ್ನು ತೋರಿಸುವುದಿಲ್ಲ.)

ಮೊದಲು ಪೈಪಿಐ ಸ್ಟ್ಯಾಟ್ಸ್ ತಾಣದಲ್ಲಿ ಪ್ಯಾಕೇಜಿನ ಹೆಸರು ಕೊಡಿ. 180 ದಿನಗಳ ಗ್ರಾಫ್ ಬರುತ್ತದೆ. ಮಿರರ್‌ಗಳನ್ನು (ಪೈಪಿಐನ ನಕಲು ಇಟ್ಟುಕೊಳ್ಳುವ ಸರ್ವರ್‌ಗಳನ್ನು) ಬಿಟ್ಟ ಗೆರೆಯನ್ನೇ ನಂಬಿ, ಏಕೆಂದರೆ ಮಿರರ್‌ಗಳು ಬೇಕು ಬೇಡ ನೋಡದೆ ಎಲ್ಲವನ್ನೂ ಬಾಚಿಕೊಳ್ಳುತ್ತವೆ. ಶನಿವಾರ, ಭಾನುವಾರ ಗೆರೆ ಕುಸಿಯುತ್ತಿದ್ದರೆ ಬಳಕೆ ಹೆಚ್ಚಾಗಿ ಕಚೇರಿಗಳದ್ದು.

ಇನ್ನೂ ಆಳಕ್ಕೆ ಇಳಿಯಲು ಗೂಗಲ್‌ನ ಬಿಗ್‌ಕ್ವೆರಿ ಇದೆ, ಭಾರಿ ದತ್ತಾಂಶದಲ್ಲಿ ಹುಡುಕುವ ಸೇವೆ ಅದು. ಪೈಪಿಐನ ಪ್ರತಿ ಡೌನ್‌ಲೋಡ್‌ಗೂ ಅಲ್ಲಿ ಒಂದು ಸಾಲು: ಪ್ಯಾಕೇಜಿನ ಆವೃತ್ತಿ, ಪೈಥಾನ್ ಆವೃತ್ತಿ, ದೇಶ, ಇಳಿಸಿಕೊಂಡ ತಂತ್ರಾಂಶ. ತಿಂಗಳಿಗೆ 1 ಟೆರಾಬೈಟ್‌ವರೆಗಿನ ಹುಡುಕಾಟ ಉಚಿತ. ದಿನಾಂಕದ ಮಿತಿ ಹಾಕುವುದನ್ನು ಮರೆತರೆ ಅದು ಒಂದೇ ಏಟಿಗೆ ಖಾಲಿ! ಮೇಲೆ ಹೇಳಿದಂಥ ಪರೀಕ್ಷಾ ಸರ್ವರ್‌ಗಳನ್ನು ಗುರುತಿಸುವ ‘ಸಿಐ’ ಕಾಲಂ ಖಾಲಿ ಇದ್ದರೆ ಇಳಿಸಿಕೊಂಡದ್ದು ಮನುಷ್ಯ ಎಂದಲ್ಲ, ಯಂತ್ರವೆಂಬ ಗುರುತು ಸಿಕ್ಕಿಲ್ಲ ಎಂದಷ್ಟೇ.

ನಿಜವಾಗಿ ಉಪಯೋಗಕ್ಕೆ ಬರುವುದು ಆವೃತ್ತಿಗಳ ಪಾಲು. ಪೈಥಾನ್ 3.8ರ ಅಧಿಕೃತ ಬೆಂಬಲ 2024ರ ಅಕ್ಟೋಬರ್‌ನಲ್ಲಿ ಮುಗಿಯಿತು. ನಿಮ್ಮ ಡೌನ್‌ಲೋಡ್‌ಗಳಲ್ಲಿ ಅದರ ಪಾಲು ನೂರಕ್ಕೆ ಎರಡಕ್ಕೆ ಇಳಿದಿದ್ದರೆ ಧೈರ್ಯವಾಗಿ ಕೈಬಿಡಿ. ಆದರೆ ಹೊಸ ಬಿಡುಗಡೆಯಲ್ಲಿ, ಯಾವ ಪೈಥಾನ್ ಆವೃತ್ತಿ ಬೇಕೆಂದು ಹೇಳುವ ‘ರಿಕ್ವೈರ್ಸ್-ಪೈಥಾನ್’ ಸಾಲನ್ನು ತಿದ್ದುವುದು ಮರೆಯಬೇಡಿ. ಆಗ ಹಳೆಯ ಪೈಥಾನ್ ಇರುವವರಿಗೆ, ಪ್ಯಾಕೇಜುಗಳನ್ನು ಇಳಿಸಿಕೊಡುವ ಸಾಧನವಾದ ಪಿಪ್ ತಾನಾಗಿಯೇ ನಿಮ್ಮ ಹಿಂದಿನ ಆವೃತ್ತಿಯನ್ನು ಕೊಡುತ್ತದೆ.

ನಿಮ್ಮದೇ ಪ್ಯಾಕೇಜಿನ ಆವೃತ್ತಿಗಳನ್ನೂ ಹೀಗೆಯೇ ನೋಡಿ. 2.0 ಬಂದು ಮೂರು ತಿಂಗಳಾದರೂ ಮುಕ್ಕಾಲು ಪಾಲು 1.4ರಲ್ಲೇ ನಿಂತಿದ್ದರೆ, ಬಳಕೆದಾರರನ್ನು ಸೋಮಾರಿಗಳೆನ್ನುವ ಮೊದಲು ನಿಮ್ಮ ಬದಲಾವಣೆಯ ಟಿಪ್ಪಣಿಯನ್ನು ನೀವೇ ಒಮ್ಮೆ ಓದಿ. ಯಾವ ಫಂಕ್ಷನ್‌ನ ಹೆಸರು ಏನಾಯಿತು ಎಂದು ಅದರಲ್ಲಿ ಇದೆಯೇ? ಇಲ್ಲದಿದ್ದರೆ ಇಂದೇ ಬರೆಯಿರಿ. ಅಲ್ಲಿಯವರೆಗೆ ಭದ್ರತಾ ತಿದ್ದುಪಡಿಗಳನ್ನು 1.4ಕ್ಕೂ ಕೊಡುತ್ತಿರಿ.