ಇಎಸ್‌ಐನಿಂದ ಅರ್ಧ ಸಂಬಳ ಬಂತು: ನನ್ನ ಅನುಭವ

ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ನಮ್ಮ ಹೊಲಿಗೆ ಲೈನಿನಲ್ಲಿ ಸುಮಾರು ಎಪ್ಪತ್ತು ಜನ ಇದ್ದೆವು. ಕೆಲಸ ಹೋದ ಮೇಲೆ ಇಎಸ್‌ಐನಿಂದ, ಅಂದರೆ ಸಂಬಳದಲ್ಲಿ ಹಿಡಿಯುವ ಕಾರ್ಮಿಕರ ವಿಮೆಯಿಂದ, ದುಡ್ಡು ತಗೊಂಡವರು ನನಗೆ ಗೊತ್ತಿರುವ ಹಾಗೆ ಮೂರೇ ಜನ. ಮೊದಲನೆಯವಳು ನಾನು. "ಇಎಸ್‌ಐನೋರು ಜ್ವರಕ್ಕೆ ಮಾತ್ರೆ ಕೊಡ್ತಾರೆ ಕಣಕ್ಕ, ಕೂತೋರಿಗೆ ಸಂಬಳ ಕೊಡಾಕಿಲ್ಲ" ಅಂತ ನಕ್ಕವರೇ ಆಮೇಲೆ ಆಧಾರ್ ಜೆರಾಕ್ಸ್ ಹಿಡಿದು ನಮ್ಮನೆ ಬಾಗಿಲಿಗೆ ಬಂದರು. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

2020ರ ಮಾರ್ಚ್ ಕೊನೆಯಲ್ಲಿ ಗೇಟು ಮುಚ್ಚಿತು. ಮಧ್ಯೆ ಕೆಲವು ದಿನ ಕರೆದರು. ಜುಲೈನಲ್ಲಿ ಆರ್ಡರ್ ಇಲ್ಲ ಅಂತ ಪೂರ್ತಿ ಕೈಬಿಟ್ಟರು. ಆವತ್ತು ಟೇಬಲ್ ಮೇಲೆ ಎರಡು ಕಾಗದ. ಒಂದು ಲೆಕ್ಕ ಚುಕ್ತಾ ಮಾಡಿದ್ದು. ಇನ್ನೊಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದ ರಾಜೀನಾಮೆ. ಸೈನ್ ಹಾಕಿದರೆ ಇವತ್ತೇ ಚೆಕ್ ಅಂದರು. ಮೂರು ತಿಂಗಳಿಂದ ಸರಿಯಾಗಿ ಸಂಬಳ ಕಂಡಿರಲಿಲ್ಲ, ಹಾಕಿದೆ. ನಾನು ಮಾಡಿದ ತಪ್ಪುಗಳಲ್ಲಿ ಇದೇ ದೊಡ್ಡದು.

ಈ ದುಡ್ಡು ಕೊಡುವ ಯೋಜನೆಯ ಹೆಸರು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. 2018ರಿಂದಲೇ ಇತ್ತಂತೆ, ನಮಗೆ ಯಾರೂ ಹೇಳಿರಲಿಲ್ಲ. ಮೊದಲು ಕಾಲು ಸಂಬಳ ಕೊಡುತ್ತಿದ್ದರು. ಕೊರೊನಾ ಬಂದ ಮೇಲೆ ಅರ್ಧ ಮಾಡಿದರು. ಹೆಚ್ಚೆಂದರೆ 90 ದಿನ, ಅದೂ ಜೀವನದಲ್ಲಿ ಒಂದೇ ಸಲ. ಎರಡು ವರ್ಷ ಇಎಸ್‌ಐ ಕಟ್ಟಿರಬೇಕು, ಕೆಲಸ ಹೋಗುವುದಕ್ಕೆ ಹಿಂದಿನ ಅರ್ಧ ವರ್ಷದ ಅವಧಿಯಲ್ಲಿ 78 ದಿನದ ಹಾಜರಿ ಇರಬೇಕು. ಮೊದಲು ಕಂಪನಿ ಮೂಲಕ ಅರ್ಜಿ ಹೋಗಬೇಕಿತ್ತು. ಆಗಸ್ಟ್‌ನಲ್ಲಿ ಅದನ್ನು ತೆಗೆದು, ನಾವೇ ನೇರವಾಗಿ ಕೊಡಬಹುದು ಅಂದರು. ಪೇಪರಿನಲ್ಲಿ ನಾಲ್ಕು ಸಾಲಿನ ಸುದ್ದಿ ಬಂದಿತ್ತು. ಅದನ್ನು ಕತ್ತರಿಸಿ ಇಟ್ಟುಕೊಂಡೆ.

ಸೆಪ್ಟೆಂಬರಿನಲ್ಲಿ ಮೊದಲ ಸಲ ಆನ್‌ಲೈನ್ ಅರ್ಜಿ ಹಾಕಿಸಿದೆ. ಸೈಬರ್‌ನವನು 150 ತಗೊಂಡ. ಹೆಸರು ಹೊಂದಲ್ಲ ಅಂತ ಬಂತು. ಇಎಸ್‌ಐನಲ್ಲಿ ನನ್ನ ಹೆಸರಿನ ಮುಂದೆ ಗಂಡನ ಹೆಸರು, ಆಧಾರಿನಲ್ಲಿ ಅಪ್ಪನ ಇನಿಷಿಯಲ್. ಸರಿ, ಆಧಾರ್ ತಿದ್ದಿಸಿಬಿಡೋಣ ಅಂತ ಹೋದೆ. ಆಗ ಫೀ 50 ರೂಪಾಯಿ ಇತ್ತು, ನಾನು ಕೊಟ್ಟಿದ್ದು 100. ತಿದ್ದುಪಡಿ ಆಯಿತು, ಆದರೆ ಪಿಎಫ್ (ಭವಿಷ್ಯ ನಿಧಿ) ಕೆಟ್ಟಿತು! ಪಿಎಫ್‌ನಲ್ಲಿ ಹಳೇ ಹೆಸರೇ ಇತ್ತು. ಕೊರೊನಾ ಅಡ್ವಾನ್ಸ್ ಅಂತ ಮೂರು ತಿಂಗಳ ಮೂಲ ಸಂಬಳ, ತುಟ್ಟಿಭತ್ಯೆ ಲೆಕ್ಕದಲ್ಲಿ ತೆಗೆಯಬಹುದಿತ್ತು. ಅದು ಎರಡು ತಿಂಗಳು ಸಿಕ್ಕಿಹಾಕಿಕೊಂಡಿತು. ನಿಮಗೂ ಹೀಗೇ ಇದ್ದರೆ ಪಿಎಫ್ ದುಡ್ಡು ಮೊದಲು ತೆಗೆದುಕೊಳ್ಳಿ, ಹೆಸರು ಆಮೇಲೆ ತಿದ್ದಿಸಿ.

ಎರಡನೇ ಅರ್ಜಿಗೆ ಛಾಪಾ ಕಾಗದದಲ್ಲಿ ಅಫಿಡವಿಟ್ ಬೇಕು ಅಂದರು. 20 ರೂಪಾಯಿ ಕಾಗದ, ಟೈಪಿಂಗು, ನೋಟರಿ ಸೇರಿ ಹೆಚ್ಚುಕಡಿಮೆ 300 ಆಯಿತು. ಶ್ರೀರಂಗಪಟ್ಟಣದಿಂದ ಮೈಸೂರಿನ ಇಎಸ್‌ಐ ಆಫೀಸಿಗೆ ಬಸ್ ಹತ್ತಿ ಹೋಗಿ ಕೊಟ್ಟು ಬಂದೆ. ನವೆಂಬರಿನಲ್ಲಿ ಅಫಿಡವಿಟ್ಟೇ ಬೇಡ ಅಂತ ಆದೇಶ ಬಂತು. ಆ 300 ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಷ್ಟಾದರೂ ಅರ್ಜಿ ನಿಂತಲ್ಲೇ ನಿಂತಿತ್ತು. ಕೌಂಟರಿನಲ್ಲಿದ್ದ ಮೇಡಂ ಒಳ್ಳೆಯವರು, ಕಂಪ್ಯೂಟರ್ ತಿರುಗಿಸಿ ತೋರಿಸಿದರು. ಕಂಪನಿಯವರು ಕಡೆಯ ತಿಂಗಳ ಲೆಕ್ಕ ಕಳಿಸುವಾಗ ನನ್ನ ಹೆಸರಿನ ಮುಂದೆ 'ಕೆಲಸ ಬಿಟ್ಟಿದ್ದಾರೆ' ಅನ್ನುವ ಕಾರಣ ಹಾಕಿದ್ದರು. ತೆಗೆದುಹಾಕಿದ್ದು ಅಂತ ಇರಬೇಕಿತ್ತು. ತಾನಾಗಿ ಬಿಟ್ಟವರಿಗೆ ದುಡ್ಡು ಇಲ್ಲವಲ್ಲ. ಆ ರಾಜೀನಾಮೆಯ ಫಲ. ನಮ್ಮನೆಯವರು "ಸುಮ್ನೆ ಬಸ್ ಚಾರ್ಜ್ ದಂಡ, ಬಿಟ್ಟುಬಿಡು" ಅಂದರು. ನಾನು ಬಿಡಲಿಲ್ಲ. ಕಂಪನಿ ಗೇಟಿಗೆ ಐದು ಸಲ ಹೋದೆ. ಮೊದಲ ನಾಲ್ಕು ಸಲ ವಾಚ್‌ಮನ್ ದಾಟಿ ಹೋಗಲು ಆಗಲಿಲ್ಲ. ಐದನೇ ಸಲ ಕಾರಣ ತಿದ್ದಿದರು, ಒಂದು ಪತ್ರವನ್ನೂ ಕೊಟ್ಟರು. ಯಾರನ್ನು ಹಿಡಿದೆ, ಏನು ಹೇಳಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಇನ್ನೂ ಕೆಲವರ ಕೆಲಸ ಅದೇ ದಾರಿಯಲ್ಲಿ ಆಗಬೇಕಿದೆ. ಜಗಳ ಆಡಲಿಲ್ಲ, ಅಷ್ಟು ಹೇಳಬಲ್ಲೆ. ಕೈಯಲ್ಲಿ ಪೇ ಸ್ಲಿಪ್ಪುಗಳ ಕಟ್ಟು ಇತ್ತು.

ಈ ಓಡಾಟದ ಮಧ್ಯೆ ಮನೆಯಲ್ಲಿ ಮಾಸ್ಕ್ ಹೊಲಿದೆ. ಪೀಸಿಗೆ 3 ರೂಪಾಯಿ ಕೂಲಿ, ದಿನಕ್ಕೆ ನೂರು ಪೀಸು ಎಳೆಯುತ್ತಿದ್ದೆ. ಆಮೇಲೆ ಸ್ವಂತಕ್ಕೆ ಮಾಡೋಣ ಅಂತ ಬಟ್ಟೆ, ಎಲಾಸ್ಟಿಕ್‌ಗೆ 2,000 ಹಾಕಿದೆ. ಅಷ್ಟರಲ್ಲಿ ಊರೂರಲ್ಲೂ ಮಾಸ್ಕೋ ಮಾಸ್ಕು. ಆ ಎಲಾಸ್ಟಿಕ್ ಉಂಡೆಗಳು ಇನ್ನೂ ಅಟ್ಟದ ಮೇಲಿವೆ. ಲಂಗಕ್ಕೂ ಆಗಲ್ಲ.

ಡಿಸೆಂಬರಿನಲ್ಲಿ ಮೊಬೈಲಿಗೆ ಮೆಸೇಜ್ ಬಂತು. 13,000 ಚಿಲ್ಲರೆ. ನಾನು 16,000 ಬರುತ್ತದೆ ಅಂದುಕೊಂಡಿದ್ದೆ, ತಿಂಗಳಿಗೆ 26 ದಿನದ ಲೆಕ್ಕ ಹಾಕಿ. ಅವರು ಎರಡು ವರ್ಷದ ಸಂಬಳವನ್ನೆಲ್ಲ ಕೂಡಿಸಿ 730ರಿಂದ ಭಾಗಿಸುತ್ತಾರೆ, ಭಾನುವಾರವೂ ಸೇರಿ. ಅದರಲ್ಲಿ ಅರ್ಧ ಅಂದರೆ ದಿನಕ್ಕೆ 150ರ ಆಸುಪಾಸು. ರಜೆ ಜಾಸ್ತಿ ಹಾಕಿದವರಿಗೆ ಇನ್ನೂ ಕಡಿಮೆ. ಈ ಅರ್ಜಿಗೆ ಆದ ಖರ್ಚು ಎಲ್ಲ ಸೇರಿ 1,200 ದಾಟಿರಲಿಲ್ಲ. ಬಂದ ದುಡ್ಡಿನಲ್ಲಿ 7,000 ಕೊಟ್ಟು ಬಟ್ಟೆ ಅಂಚು ಹೊಲಿಯುವ ಹಳೇ ಓವರ್‌ಲಾಕ್ ಮೆಷಿನ್ ತಗೊಂಡೆ, ಉಳಿದದ್ದು ದಿನಸಿ ಅಂಗಡಿ ಬಾಕಿಗೆ.

2021ರ ಲಾಕ್‌ಡೌನಿನಲ್ಲಿ ರಾಜ್ಯ ಸರ್ಕಾರ ಟೈಲರ್‌ಗಳಿಗೆ 2,000 ಅಂದಾಗ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ನಾನೇ ಮೊಬೈಲಿನಿಂದ ಅರ್ಜಿ ಹಾಕಿದೆ. ಟೈಲರ್ ಅನ್ನುವ ಪ್ರಮಾಣಪತ್ರಕ್ಕೆ ಎರಡು ದಿನ ಕಾದೆ, ಅಷ್ಟೇ ಕಷ್ಟ.

ಅರ್ಧ ಸಂಬಳದ ಯೋಜನೆಯ ಗಡುವನ್ನು ಆಮೇಲೆ ಮುಂದಕ್ಕೆ ಹಾಕಿದರು. ಚೆಕಿಂಗ್ ಟೇಬಲ್‌ನಲ್ಲಿದ್ದ ನಮ್ಮ ಗೆಳತಿಯದು ಇನ್ನೂ 'ಕೆಲಸ ಬಿಟ್ಟಿದ್ದಾರೆ' ಅಂತಲೇ ತೋರಿಸುತ್ತಿದೆ. ಸೋಮವಾರ ಇಬ್ಬರೂ ಗೇಟಿಗೆ ಹೋಗುತ್ತಿದ್ದೇವೆ. ಪೇ ಸ್ಲಿಪ್ ಹುಡುಕಿ ಇಟ್ಟುಕೋ ಅಂತ ಹೇಳಿದ್ದೇನೆ.