ಬೆಂಗಳೂರಿಂದ ಸಿಂಗಪುರ: ದೂರ ಎಷ್ಟು, ವಿಮಾನಕ್ಕೆ ಹಿಡಿಯುವ ಹೊತ್ತು ಎಷ್ಟು

ಟಿಕೆಟ್‌ನಲ್ಲಿ ರಾತ್ರಿ 11ಕ್ಕೆ ಹೊರಟು ಬೆಳಿಗ್ಗೆ 6ಕ್ಕೆ ತಲುಪುತ್ತದೆ ಎಂದಿದ್ದರೆ ಏಳು ಗಂಟೆಯ ಪ್ರಯಾಣ ಅಂದುಕೊಳ್ಳಬೇಡಿ. ಟಿಕೆಟ್ ಮೇಲಿನ ಸಮಯ ಯಾವಾಗಲೂ ಆಯಾ ಊರಿನ ಗಡಿಯಾರದ್ದು. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಅದನ್ನು ಕಳೆದರೆ ಉಳಿಯುವ ನಾಲ್ಕೂವರೆ ಗಂಟೆಯೇ ನಿಜವಾದ ಪ್ರಯಾಣ. ವಾಪಸು ಬರುವಾಗ ಕೂಡಿಸಬೇಕು: ಅಲ್ಲಿ ರಾತ್ರಿ 8ಕ್ಕೆ ಹೊರಟು ಇಲ್ಲಿ 10ಕ್ಕೆ ಇಳಿದರೆ, ಕಳೆದದ್ದು ಎರಡು ಗಂಟೆಯಲ್ಲ, ನಾಲ್ಕೂವರೆ.

ದೂರವನ್ನು ನೀವೇ ಲೆಕ್ಕ ಹಾಕಬಹುದು. ಊರಿನ ನಡುವಿನದಲ್ಲ, ವಿಮಾನ ನಿಲ್ದಾಣದ ಅಕ್ಷಾಂಶ, ರೇಖಾಂಶ ತೆಗೆದುಕೊಳ್ಳಿ. ದೇವನಹಳ್ಳಿ: 13.20 ಉತ್ತರ, 77.71 ಪೂರ್ವ. ಚಾಂಗಿ: 1.36 ಉತ್ತರ, 103.99 ಪೂರ್ವ. ಅಕ್ಷಾಂಶದ ವ್ಯತ್ಯಾಸ 11.84 ಡಿಗ್ರಿ, ಡಿಗ್ರಿಗೆ 111.2 ಕಿ.ಮೀ.ನಂತೆ 1,317 ಕಿ.ಮೀ. ರೇಖಾಂಶದ ವ್ಯತ್ಯಾಸ 26.28, ಅದೇ 111.2ರಂತೆ 2,922 ಕಿ.ಮೀ. ಇಲ್ಲಿ ತಪ್ಪುವವರೇ ಹೆಚ್ಚು, ಏಕೆಂದರೆ ಧ್ರುವದ ಕಡೆ ಹೋದಂತೆಲ್ಲ ರೇಖಾಂಶಗಳು ಹತ್ತಿರ ಬರುತ್ತವೆ. ಹಾಗಾಗಿ ಎರಡೂ ಊರುಗಳ ಸರಾಸರಿ ಅಕ್ಷಾಂಶದ (7.28) ಕೊಸೈನ್, ಅಂದರೆ 0.992ರಿಂದ ಗುಣಿಸಲೇಬೇಕು: 2,899 ಕಿ.ಮೀ. ಎರಡನ್ನೂ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆದರೆ ಸುಮಾರು 3,184. ಭೂಮಿಯ ದುಂಡನ್ನು ಪೂರ್ತಿ ಲೆಕ್ಕಕ್ಕೆ ತೆಗೆದುಕೊಂಡರೂ 3,178 ಬರುತ್ತದೆ. ಇಷ್ಟು ನಿಖರತೆ ಧಾರಾಳ ಸಾಕು. ದೆಹಲಿ–ಟೋಕಿಯೋದಂಥ ದೂರದ, ಉತ್ತರದ ದಾರಿಗೆ ಮಾತ್ರ ಈ ಸುಲಭ ವಿಧಾನ ನೂರು ಕಿ.ಮೀ.ನಷ್ಟು ಹೆಚ್ಚು ತೋರಿಸುತ್ತದೆ.

ಇನ್ನು ಹೊತ್ತು. ವಿಮಾನ ನೇರ ಗೆರೆಯಲ್ಲಿ ಹೋಗುವುದಿಲ್ಲ, ನಿಗದಿತ ವಾಯುಮಾರ್ಗ ಹಿಡಿಯುತ್ತದೆ. ಅದಕ್ಕಾಗಿ ಶೇ 4ರಷ್ಟು ಸೇರಿಸಿ 3,300 ಕಿ.ಮೀ. ಎನ್ನಿ. ಗಂಟೆಗೆ 850 ಕಿ.ಮೀ. ವೇಗದಲ್ಲಿ 3 ಗಂಟೆ 53 ನಿಮಿಷ. ಗೇಟ್‌ನಿಂದ ರನ್‌ವೇಗೆ ಹೋಗುವುದು, ಏರುವುದು, ಇಳಿಯುವುದು ಎಲ್ಲ ನಿಧಾನದ ಕೆಲಸ. ಅದಕ್ಕೆ 35–40 ನಿಮಿಷ ಕೂಡಿಸಿ. ಟಿಕೆಟ್‌ನ ಅವಧಿ ಗೇಟ್‌ನಿಂದ ಗೇಟ್‌ಗೆ ಇರುವುದರಿಂದ ಈ ಭಾಗ ಬಿಟ್ಟರೆ ಲೆಕ್ಕ ಕೂಡುವುದಿಲ್ಲ.

ಸಮಭಾಜಕದ ಹತ್ತಿರದ ಈ ದಾರಿಯಲ್ಲಿ ಗಾಳಿಯ ಪ್ರಭಾವ ಕಡಿಮೆ, ಹೋಗಿಬರುವ ಹೊತ್ತು ಹೆಚ್ಚುಕಡಿಮೆ ಒಂದೇ. ದೆಹಲಿ–ಟೋಕಿಯೋದಲ್ಲಿ ಹಾಗಲ್ಲ. ಚಳಿಗಾಲದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಹೋಗುವಾಗ ತಳ್ಳುತ್ತದೆ, ಬರುವಾಗ ಎದುರಾಗುತ್ತದೆ. ಎರಡು ಗಂಟೆಯಷ್ಟು ಅಂತರ ಬೀಳುವುದುಂಟು. ವಾಯುಪ್ರದೇಶ ಮುಚ್ಚಿದರಂತೂ ಗಾಳಿಗಿಂತ ದೊಡ್ಡ ಪೆಟ್ಟು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತೀಯ ವಿಮಾನಗಳಿಗೆ ಆಕಾಶ ಮುಚ್ಚಿದಾಗ ದೆಹಲಿ–ತಾಷ್ಕೆಂಟ್ ಹಾರಾಟವನ್ನು ಇಂಡಿಗೋ ನಿಲ್ಲಿಸಬೇಕಾಯಿತು. ಸುತ್ತು ದಾರಿ ಆ ಚಿಕ್ಕ ವಿಮಾನಗಳಿಗೆ ನಿಲುಕುವಂತಿರಲಿಲ್ಲ.

ಕೊನೆಗೆ ತಾರೀಖು. 15ನೇ ತಾರೀಖು 00:30ರ ವಿಮಾನ ಎಂದರೆ 14ರ ರಾತ್ರಿಯೇ ನಿಲ್ದಾಣದಲ್ಲಿರಬೇಕು. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮೂರು ಗಂಟೆ ಮೊದಲು, ಅಂದರೆ 14ರ ರಾತ್ರಿ 9:30ಕ್ಕೆ, ಟರ್ಮಿನಲ್ 2ರ ಬಾಗಿಲಲ್ಲಿ. ಬೆಂಗಳೂರಿನ ದಕ್ಷಿಣದಿಂದ ಬರುವವರು ಸಂಜೆಯ ಟ್ರಾಫಿಕ್ ನೆನೆದು 7 ಗಂಟೆಗೇ ಮನೆ ಬಿಡಿ.